ಪ್ರಸಾದ ನಿಲಯದಿಂದ ಆಸ್ಪತ್ರೆಯವರೆಗೆ: ಸುತ್ತೂರಿನ ರಾಜೇಂದ್ರ ಶ್ರೀಗಳು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಮ್ಮ ಭಾಗದ ಹಿರಿಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗುರುಗಳು ಸೂಚಿಸಿದಾಗ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳ ಹೆಸರೇ ಮೊದಲು ಹೊಳೆಯಿತು. ಕಪಿಲಾ ನದಿ ನಂಜನಗೂಡನ್ನು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಮೊದಲು ಸುತ್ತೂರಿನ ಮಗ್ಗುಲಲ್ಲೇ ಹರಿದು ಹೋಗುತ್ತದೆ. ಎರಡೂ ತಾಲ್ಲೂಕಿನ ಜನ ಜಾತ್ರೆಗೆ ಹೋಗುವ ಊರು ಅದು. ಶ್ರೀಗಳು ಕಟ್ಟಿದ ಶಾಲೆ ಕಾಲೇಜುಗಳ ವಿಚಾರ ಎಲ್ಲರಿಗೂ ಗೊತ್ತು. ನಾನು ಬರೆಯಹೊರಟಿರುವುದು ಅವರ ಬದುಕಿನಲ್ಲಿ ಆಸ್ಪತ್ರೆ ಹೇಗೆ ಬಂತು, ಅಷ್ಟು ತಡವಾಗಿ ಏಕೆ ಬಂತು ಎಂಬುದನ್ನು.

ಕಾಯಿಲೆಗೂ ದೇವರಿಗೂ ನಮ್ಮ ಕಡೆ ಹಳೆಯ ನಂಟು. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ನಂಜುಂಡೇಶ್ವರನ ಸನ್ನಿಧಿಯಲ್ಲಿ ವಾಸಿಯಾಯಿತೆಂದೂ, ಆತ ದೇವರಿಗೆ ಪಚ್ಚೆಲಿಂಗ ಒಪ್ಪಿಸಿ ಹಕೀಂ ನಂಜುಂಡ ಎಂದು ಕರೆದನೆಂದೂ ನಂಜನಗೂಡಿನ ಮಕ್ಕಳೂ ಹೇಳುತ್ತಾರೆ. ಹುಷಾರು ತಪ್ಪಿದರೆ ಉರುಳು ಸೇವೆಯ ಹರಕೆ, ಮುಡಿಯ ಹರಕೆ ಹೊರುವುದು ಇಂದಿಗೂ ಇದೆ. ಅದೇ ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದರು. ನಂಜನಗೂಡು ಹಲ್ಲುಪುಡಿಯನ್ನು ನಾಡಿನ ಮನೆಮನೆಗೆ ಕೊಟ್ಟದ್ದು ಅದೇ. ಅಂದರೆ ಹರಕೆಯೂ ಔಷಧಿಯೂ ಒಂದೇ ಊರಿನಲ್ಲಿ ಜಗಳವಿಲ್ಲದೆ ಬಾಳಿಕೊಂಡು ಬಂದಿವೆ. ಇಲ್ಲದಿದ್ದದ್ದು ದೊಡ್ಡ ಕಾಯಿಲೆಗೆ ಬೇಕಾದ ಆಸ್ಪತ್ರೆ. ಅದಕ್ಕೆ ಮೈಸೂರಿಗೇ ಹೋಗಬೇಕಿತ್ತು. ನಂಜನಗೂಡಿಗೆ 1891ರಲ್ಲೇ ರೈಲು ಬಂದಿತ್ತು. ನರಸೀಪುರದ ಕಡೆಯವರಿಗೆ ಆ ಅನುಕೂಲವೂ ಇರಲಿಲ್ಲ. ಎತ್ತಿನ ಗಾಡಿ, ಹೊಳೆ ಅಡ್ಡ ಬಂದರೆ ಹರಿಗೋಲು. ಹೆರಿಗೆ ನೋವು ಬಂದ ಹೆಂಗಸನ್ನೋ ಗದ್ದೆಯಲ್ಲಿ ಹಾವು ಕಡಿದವನನ್ನೋ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರೆ ದಾರಿಯೇ ಅವರ ಆಯಸ್ಸನ್ನು ತೀರ್ಮಾನಿಸುತ್ತಿತ್ತು.

ಇಂಥ ಸೀಮೆಯಲ್ಲಿ 1916ರ ಆಗಸ್ಟ್ 29ರಂದು ರಾಜೇಂದ್ರ ಶ್ರೀಗಳು ಜನಿಸಿದರು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ ವರ್ಷ. ಕಾಶಿಯ ಹಿಂದೂ ವಿಶ್ವವಿದ್ಯಾಲಯವೂ ಅದೇ ವರ್ಷದ್ದು. ಅದರ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಇದು ಕಾಕತಾಳೀಯವೇ, ಆದರೂ ಬರೆಯದೆ ಇರಲಾಗಲಿಲ್ಲ. ಸುತ್ತೂರು ಮಠದ ಪರಂಪರೆ ಹತ್ತನೇ ಶತಮಾನದ ಆದಿ ಜಗದ್ಗುರು ಶಿವರಾತ್ರೀಶ್ವರರಿಂದ ಬಂದದ್ದೆಂದು ನಂಬಿಕೆ. ಯುದ್ಧಕ್ಕೆ ನಿಂತಿದ್ದ ಚೋಳರ ರಾಜರಾಜನನ್ನೂ ಗಂಗರ ರಾಚಮಲ್ಲನನ್ನೂ ರಾಜಿ ಮಾಡಿಸಿದ ಯತಿ ಅವರು ಎಂದು ಮಠದ ಐತಿಹ್ಯ ಹೇಳುತ್ತದೆ. ಆ ಪರಂಪರೆಯಲ್ಲಿ ರಾಜೇಂದ್ರ ಶ್ರೀಗಳು 23ನೆಯವರು. ಎಳೆಯ ವಯಸ್ಸಿನಲ್ಲೇ ಪೀಠಕ್ಕೆ ಆಯ್ಕೆಯಾದರು, ಮೈಸೂರಿನಲ್ಲಿ ಓದಿದರು, ಹೆಚ್ಚಿನ ಸಂಸ್ಕೃತ ವಿದ್ಯಾಭ್ಯಾಸಕ್ಕೆ ಕಾಶಿಗೆ ಹೋಗಿ ಬಂದರು. ಸುತ್ತಲಿನ ಹಳ್ಳಿಯವರಿಗೆ ಅವರು ಬುದ್ಧಿಯವರು. ನಮ್ಮ ಕಡೆ ಸ್ವಾಮಿಗಳನ್ನು ಕರೆಯುವುದೇ ಹಾಗಲ್ಲವೆ?

ಕಾಶಿಯಿಂದ ಬಂದವರ ಮುಂದೆ ಮಠದ ಪೂಜೆ ಪುನಸ್ಕಾರಗಳನ್ನು ನೋಡಿಕೊಂಡು ಇದ್ದುಬಿಡುವ ದಾರಿ ಇತ್ತು. ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಮೈಸೂರಿನ ಬೀದಿಯಲ್ಲಿ ಊಟಕ್ಕೆ ದಾರಿಯಿಲ್ಲದೆ ಅಲೆಯುತ್ತಿದ್ದ ಹಳ್ಳಿಯ ಹುಡುಗರು. ಆಗ ಹಳ್ಳಿಗಳಲ್ಲಿ ಹೈಸ್ಕೂಲು ಎಂಬುದೇ ಇರಲಿಲ್ಲವೆನ್ನಬೇಕು. ಮುಂದೆ ಓದಬೇಕಾದವನು ಪಟ್ಟಣ ಸೇರಬೇಕು. ಸೇರಿದ ಮೇಲೆ ವಾರಾನ್ನ ಮಾಡಬೇಕು, ಇಲ್ಲವೇ ಯಾರದಾದರೂ ಮನೆಯಲ್ಲಿ ಕೆಲಸಕ್ಕೆ ನಿಲ್ಲಬೇಕು. 1940ರ ದಶಕದ ಮೊದಲ ವರ್ಷಗಳಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, ಅಕ್ಕಿ ರಾಗಿಗೂ ತತ್ವಾರವಿದ್ದ ಕಾಲದಲ್ಲಿ, ಶ್ರೀಗಳು ಮೈಸೂರಿನಲ್ಲಿ ಉಚಿತ ಪ್ರಸಾದ ನಿಲಯ ಪ್ರಾರಂಭಿಸಿದರು. ಮಠದ ವರಮಾನ ಅಷ್ಟು ಮಕ್ಕಳ ಎರಡು ಹೊತ್ತಿನ ಊಟಕ್ಕೆ ಸಾಲುವಂಥದ್ದಾಗಿರಲಿಲ್ಲ. ದವಸಕ್ಕಾಗಿ ಹಳ್ಳಿ ಹಳ್ಳಿ ತಿರುಗಿದರು, ಸಾಲ ಮಾಡಿದರು. ಒಂದು ಸಲ ಕೈ ಪೂರಾ ಬರಿದಾದಾಗ ಪೂಜೆಯ ಚಿನ್ನದ ಕರಡಿಗೆಯನ್ನೇ ಮಾರಿಸಿದರೆಂಬ ಮಾತು ಈ ಭಾಗದ ಹಿರಿಯರ ಬಾಯಲ್ಲಿ ಇದೆ. ಲಿಂಗವನ್ನಿಡುವ ಕರಡಿಗೆಯನ್ನು ಅಕ್ಕಿಗಾಗಿ ಮಾರುವುದೆಂದರೆ ಮಠಾಧಿಪತಿಯೊಬ್ಬರಿಗೆ ಸಣ್ಣ ನಿರ್ಧಾರವಲ್ಲ. ಮಾರಿದ್ದರಲ್ಲಿ ಅಪಚಾರವಿಲ್ಲ, ಅದೇ ದಾಸೋಹ ಎಂದು ಜನ ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು ಎಂದು ನನಗೆ ತೋರುತ್ತದೆ.

1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠ ಸ್ಥಾಪನೆಯಾಯಿತು. ಇಂದು ನಾವೆಲ್ಲ ಬಾಯಿತುಂಬ ಜೆಎಸ್‌ಎಸ್ ಎನ್ನುವುದು ಅದನ್ನೇ. ಹಳ್ಳಿಗಳಲ್ಲಿ ಶಾಲೆಗಳು, ಆಮೇಲೆ ಕಾಲೇಜುಗಳು. 1963ರಲ್ಲಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಅದಕ್ಕೆ ಮಠದ ಹೆಸರಿಡಲಿಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ನಮ್ಮ ಎರಡು ತಾಲ್ಲೂಕಿನಿಂದ ಬಿ.ಇ. ಓದಿ ಬೆಂಗಳೂರಿನ ಕಂಪನಿಗಳಲ್ಲಿ ಕೂತಿರುವವರನ್ನು ಎಣಿಸಿದರೆ ಎಸ್‌ಜೆಸಿಇ ಪಾಲು ಎಷ್ಟೆಂದು ನನ್ನ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಕಥೆ ಬಹಳಷ್ಟು ಕಡೆ ಬಂದಿರುವುದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಆಸ್ಪತ್ರೆಯ ಮಾತಿಗೆ ಬರೋಣ. ಧರ್ಮದ ಹೆಸರಿನಲ್ಲಿ ವೈದ್ಯಸೇವೆ ಮೈಸೂರಿಗೆ ಹೊಸದಾಗಿರಲಿಲ್ಲ. ವೆಸ್ಲಿಯನ್ ಮಿಷನ್ನಿನವರು 1906ರಲ್ಲೇ ಹೆಂಗಸರು ಮಕ್ಕಳಿಗಾಗಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದಿದ್ದರು. ನಮ್ಮ ಅಜ್ಜಿಯರು ಮಿಷನ್ ಆಸ್ಪತ್ರೆ ಎಂದು ಕರೆಯುತ್ತಿದ್ದದ್ದು ಅದನ್ನೇ. ಅರಸರ ಕಾಲದ್ದೇ ಆದ ಕೆ.ಆರ್. ಆಸ್ಪತ್ರೆ ಇತ್ತು. ಕ್ಷಯಕ್ಕೆ 1921ರಿಂದ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಇತ್ತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತ್ತು. ಹೀಗಿರುವಾಗ ಮಠ ಅವಸರದಿಂದ ಒಂದು ಆಸ್ಪತ್ರೆಯ ಕಟ್ಟಡ ಎಬ್ಬಿಸಿದ್ದರೆ ಹೆಸರು ಬರುತ್ತಿತ್ತೇ ಹೊರತು ಅದರೊಳಗೆ ಕೆಲಸ ಮಾಡುವವರನ್ನು ಎಲ್ಲಿಂದ ತರಬೇಕಾಗಿತ್ತು? ಹಳ್ಳಿಗಳಿಂದ ಓದಿ ಬಂದ ಡಾಕ್ಟರು, ದಾದಿಯರು, ಕಾಂಪೌಂಡರುಗಳು ಆಗ ಎಷ್ಟು ಮಂದಿ ಇದ್ದರು?

ಮಹಾವಿದ್ಯಾಪೀಠ ಆರೋಗ್ಯದ ಕಡೆಗೆ ಇಟ್ಟ ಹೆಜ್ಜೆಗಳನ್ನು ಇಸವಿಯ ಪ್ರಕಾರ ಜೋಡಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. 1973ರಲ್ಲಿ ಮೈಸೂರಿನಲ್ಲಿ ಫಾರ್ಮಸಿ ಕಾಲೇಜು. 1980ರಲ್ಲಿ ಊಟಿಯಲ್ಲಿ ಇನ್ನೊಂದು ಫಾರ್ಮಸಿ ಕಾಲೇಜು. ಮೆಡಿಕಲ್ ಕಾಲೇಜು ಬಂದದ್ದು 1984ರಲ್ಲಿ. ಅಂದರೆ ಔಷಧಿ ಕೊಡುವವರನ್ನು ತಯಾರು ಮಾಡುವ ಕೆಲಸ ಡಾಕ್ಟರನ್ನು ತಯಾರು ಮಾಡುವ ಕೆಲಸಕ್ಕಿಂತ ಹನ್ನೊಂದು ವರ್ಷ ಮೊದಲು ಶುರುವಾಯಿತು. ಇದು ಮೊದಲೇ ಹಾಕಿಕೊಂಡ ಲೆಕ್ಕವೋ, ಹಣ ಅನುಮತಿಗಳ ಅಡಚಣೆಯಿಂದ ತಾನಾಗಿ ಆದದ್ದೋ, ಎರಡೂ ಇರಬಹುದು. ಹಳ್ಳಿಯವರ ಅನುಭವಕ್ಕಂತೂ ಇದು ಹೊಂದುತ್ತದೆ. ಜ್ವರ ಬಂದಾಗ ನಾವು ಮೊದಲು ಹೋಗಿ ನಿಲ್ಲುವುದು ಔಷಧಿ ಅಂಗಡಿಯ ಮುಂದೆಯೇ. ಆ ಗಲ್ಲಾದ ಹಿಂದೆ ನಿಂತವನಿಗೆ ಯಾವ ಗುಳಿಗೆಯನ್ನು ಎಷ್ಟು ಹೊತ್ತಿಗೊಮ್ಮೆ, ಯಾರಿಗೆ ಕೊಡಬಾರದು ಎಂಬುದು ತಿಳಿದಿದ್ದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ. ಊಟಿಯನ್ನು ಆರಿಸಿಕೊಂಡದ್ದೂ ಗಮನಿಸಬೇಕಾದದ್ದು. ನಂಜನಗೂಡು ಗುಂಡ್ಲುಪೇಟೆ ದಾರಿ ಹಿಡಿದು ಘಟ್ಟ ಹತ್ತಿದರೆ ಸಿಗುವ ನೀಲಗಿರಿ, ಬಡಗರ ನಾಡು. ರಾಜ್ಯದ ಗಡಿ ಬೇರೆಯಾದರೂ ಅವರ ಮಾತು ನಮ್ಮ ಕಿವಿಗೆ ಅಪರಿಚಿತವಲ್ಲ.

ಆ ಹೊತ್ತಿಗೆ ಲೋಕದಲ್ಲೂ ಆಲೋಚನೆ ಬದಲಾಗುತ್ತಿತ್ತು. 1977ರಲ್ಲಿ ಕೇಂದ್ರ ಸರ್ಕಾರ ಪ್ರತಿ ಮೆಡಿಕಲ್ ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊತ್ತು ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಬೇಕೆಂಬ ಯೋಜನೆ ತಂದಿತು. 1978ರಲ್ಲಿ ಕಜಕ್‌ಸ್ತಾನದ ಆಲ್ಮಾ ಆಟಾದಲ್ಲಿ ಸೇರಿದ ದೇಶಗಳು ದೊಡ್ಡ ಆಸ್ಪತ್ರೆಗಳಿಗಿಂತ ಮೊದಲು ಜನರಿರುವ ಕಡೆಯೇ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕು ಎಂದು ಘೋಷಿಸಿದವು. ಕುಡಿಯುವ ನೀರು, ಆಹಾರ, ಲಸಿಕೆ, ತಾಯಿ ಮಗುವಿನ ಆರೈಕೆ, ಬೇಕಾದ ಔಷಧಿ ಇವನ್ನೆಲ್ಲ ಸೇರಿಸಿಯೇ ಆರೋಗ್ಯ ಎಂದವು. ನಲವತ್ತರ ದಶಕದಲ್ಲಿ ಹುಡುಗರಿಗೆ ಎರಡು ಹೊತ್ತು ಮುದ್ದೆ ಅನ್ನ ಹಾಕಿದ್ದೂ ಈ ಲೆಕ್ಕದಲ್ಲಿ ಆರೋಗ್ಯ ಸೇವೆಯೇ. ಮಠದ ದಾಸೋಹಕ್ಕೆ ಆಲ್ಮಾ ಆಟಾದ ಪರಿಚಯವಿರಲಿಲ್ಲ, ಅಗತ್ಯವೂ ಇರಲಿಲ್ಲ.

1984ರಲ್ಲಿ ಜೆಎಸ್‌ಎಸ್ ಮೆಡಿಕಲ್ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿ ಪ್ರಾರಂಭವಾಯಿತು. ಶ್ರೀಗಳಿಗೆ ಆಗ ಅರವತ್ತೆಂಟು ವರ್ಷ. ಖಾಸಗಿ ಮೆಡಿಕಲ್ ಕಾಲೇಜು ಎಂದ ಕೂಡಲೇ ಏಳುವ ಪ್ರಶ್ನೆಯನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ನಮ್ಮ ರಾಜ್ಯದಲ್ಲಿ ಡೊನೇಷನ್ ಹಾವಳಿ ಎಷ್ಟಿತ್ತೆಂದರೆ ಅದನ್ನು ನಿಷೇಧಿಸಿ ಸರ್ಕಾರ ಕಾಯ್ದೆ ಮಾಡಿದ್ದು ಅದೇ 1984ರಲ್ಲಿ. ಇಂದಿಗೂ ರಾಜ್ಯದ ಯಾವ ಖಾಸಗಿ ಮೆಡಿಕಲ್ ಕಾಲೇಜಿನ ಪೂರ್ತಿ ಶುಲ್ಕವೂ ನಮ್ಮೂರಿನ ಕೂಲಿಯವರ ಮಗಳಿಗೆ ಎಟುಕುವಂಥದ್ದಲ್ಲ. ಪ್ರಸಾದ ನಿಲಯದಲ್ಲಿ ಊಟಕ್ಕೆ ಲೆಕ್ಕ ಇಡಲಿಲ್ಲ. ಮೆಡಿಕಲ್ ಕಾಲೇಜು ಲೆಕ್ಕವಿಲ್ಲದೆ ನಡೆಯದು. ಪ್ರಯೋಗಾಲಯ, ಯಂತ್ರ, ಸಂಬಳ, ನೂರಾರು ಹಾಸಿಗೆಯ ಬೋಧನಾ ಆಸ್ಪತ್ರೆ ಎಲ್ಲವೂ ಬೇಕು. ದಾಸೋಹದಿಂದ ಹೊರಟ ಸಂಸ್ಥೆ ಈ ಎರಡನ್ನೂ ಒಟ್ಟಿಗೆ ಹೊತ್ತು ನಡೆಯುವುದು ಕಷ್ಟದ ಕೆಲಸ. ಎಷ್ಟು ಸಮವಾಗಿ ನಡೆದಿದೆ ಎಂಬುದರ ಬಗ್ಗೆ ನಮ್ಮ ಹಳ್ಳಿಗಳಲ್ಲಿಯೇ ಎರಡು ಅಭಿಪ್ರಾಯ ಕೇಳಬಹುದು. ಆದರೆ ಒಂದನ್ನು ಎಲ್ಲರೂ ಒಪ್ಪುತ್ತಾರೆ. ಕಲಿಯುವ ಡಾಕ್ಟರಿಗೆ ರೋಗಿ ಬೇಕು. ಆದ್ದರಿಂದ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಬಡವನಿಗೆ ಜಾಗವಿರುತ್ತದೆ. ಅವನನ್ನು ಬಾಗಿಲಿನಲ್ಲೇ ತಡೆದರೆ ಕಾಲೇಜೇ ನಡೆಯುವುದಿಲ್ಲ.

ಇನ್ನೊಂದು ಲಾಭ ನೇರವಾಗಿ ನಮ್ಮ ನಂಜನಗೂಡು ತಾಲ್ಲೂಕಿಗೇ ಬಂತು. ಮೆಡಿಕಲ್ ಕಾಲೇಜು ಹಳ್ಳಿಯಲ್ಲೊಂದು ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ಇಟ್ಟುಕೊಳ್ಳಬೇಕು. ಜೆಎಸ್‌ಎಸ್‌ನದು ಸುತ್ತೂರಿನಲ್ಲಿದೆ. ಸಮುದಾಯ ವೈದ್ಯಶಾಸ್ತ್ರ ಎಂಬ ವಿಷಯವನ್ನು ವಿದ್ಯಾರ್ಥಿಗಳು ಕಲಿಯುವುದು ಮನೆಮನೆ ಸುತ್ತಿ: ಈ ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ, ಮಗುವಿಗೆ ಯಾವ ಲಸಿಕೆ ಆಗಿದೆ, ಬಸುರಿಗೆ ರಕ್ತ ಎಷ್ಟಿದೆ, ಅಜ್ಜನ ಬಿಪಿ ಗುಳಿಗೆ ತಪ್ಪದೆ ನಡೆಯುತ್ತಿದೆಯೇ. ಉತ್ತರ ಹೇಳಿ ಹೇಳಿ ಬೇಸತ್ತ ಮನೆಗಳೂ ಇರಬಹುದು! ಆದರೆ ಬಿಪಿ, ಸಕ್ಕರೆ ಕಾಯಿಲೆ ತಾವಾಗಿ ನೋವು ಕೊಡುವುದಿಲ್ಲ. ಯಾರಾದರೂ ಬಂದು ಕೈಗೆ ಪಟ್ಟಿ ಸುತ್ತಿ ನೋಡುವವರೆಗೆ ಗೊತ್ತಾಗುವುದೂ ಇಲ್ಲ. ಗೊತ್ತಾಗದೆ ಹೋದರೆ ಒಂದು ದಿನ ಲಕ್ವ ಹೊಡೆದಾಗಲೇ ಗೊತ್ತಾಗುವುದು. ಸಾಫ್ಟ್‌ವೇರಿನಲ್ಲಿ ಕೆಟ್ಟ ಮೇಲೆ ರಿಪೇರಿಗಿಂತ ಮೊದಲೇ ಪತ್ತೆ ಹಚ್ಚುವುದು ಅಗ್ಗ ಎಂದು ನಾವು ದಿನವೂ ನೋಡುತ್ತೇವೆ. ಮನುಷ್ಯನ ಮೈಗೆ ಇದು ಇನ್ನೂ ಹೆಚ್ಚು ನಿಜ.

ಜಾತ್ರೆಯನ್ನೂ ಮರೆಯುವಂತಿಲ್ಲ. ಸುತ್ತೂರಿನ ಜಾತ್ರೆ ಎಂದರೆ ರಥ, ಕೊಂಡ, ತೆಪ್ಪ, ಕುಸ್ತಿ, ದನಗಳ ಪರಿಷೆ, ಕೃಷಿ ವಸ್ತುಪ್ರದರ್ಶನ. ವೈದ್ಯರು ಬಾ ಎಂದರೆ ಬರದ ರೈತ ದನದ ಪರಿಷೆಗೆ ತಾನಾಗಿ ಬರುತ್ತಾನೆ, ಹೆಂಡತಿ ಮಕ್ಕಳನ್ನೂ ಕರೆತರುತ್ತಾನೆ. ಮಠ ಮಾತನ್ನಾಡಿದರೆ ಕೇಳುತ್ತಾನೆ. ಪೋಲಿಯೊ ಹನಿಯಾಗಲಿ ಕಣ್ಣಿನ ಪೊರೆಯ ಆಪರೇಷನ್ನಾಗಲಿ, ಸರ್ಕಾರದ ಚೀಟಿಗಿಂತ ಬುದ್ಧಿಯವರು ಹೇಳಿಕಳಿಸಿದ್ದಾರೆ ಎಂಬ ಮಾತು ಬೇಗ ನಾಟುವ ಸೀಮೆ ನಮ್ಮದು. ಇದರಲ್ಲಿ ಅಪಾಯವೂ ಇದೆ, ಯಾರ ಮಾತನ್ನಾದರೂ ಹಾಗೇ ನಂಬಿಬಿಡಬಹುದು. ರಾಜೇಂದ್ರ ಶ್ರೀಗಳು ಆ ನಂಬಿಕೆಯನ್ನು ತಾಯಿತ ವಿಭೂತಿಗಳ ಕಡೆಗೆ ತಿರುಗಿಸದೆ ಇಂಜೆಕ್ಷನ್ನು, ಪರೀಕ್ಷೆ, ದಾಖಲೆ ಪುಸ್ತಕಗಳ ಕಡೆಗೆ ತಿರುಗಿಸಿದರು. ಅವರ ಇಷ್ಟೂ ಕೆಲಸದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ.

ಮೆಡಿಕಲ್ ಕಾಲೇಜಿನ ಮೊದಲ ತಂಡ ಇನ್ನೂ ನಡುವಿನ ವರ್ಷಗಳ ಓದಿನಲ್ಲಿದ್ದಾಗ, 1986ರ ಡಿಸೆಂಬರ್ 6ರಂದು, ಶ್ರೀಗಳು ಲಿಂಗೈಕ್ಯರಾದರು. ಎಪ್ಪತ್ತು ವರ್ಷ ವಯಸ್ಸಾಗಿತ್ತು. ತಮ್ಮ ಕಾಲೇಜಿನಿಂದ ಎಂ.ಬಿ.ಬಿ.ಎಸ್. ಮುಗಿಸಿ ಹೊರಬಂದ ಒಬ್ಬ ಡಾಕ್ಟರನ್ನೂ ಅವರು ನೋಡಲಿಲ್ಲ. ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಯಬೇಕಿತ್ತಲ್ಲ. ರಾಮಾನುಜ ರಸ್ತೆಯ ಆಸ್ಪತ್ರೆ ಬೆಳೆದದ್ದು, ಮಹಾತ್ಮ ಗಾಂಧಿ ರಸ್ತೆಯಲ್ಲಿ 1800 ಹಾಸಿಗೆಗಳ ದೊಡ್ಡ ಆಸ್ಪತ್ರೆ ಎದ್ದದ್ದು, 2008ರಲ್ಲಿ ಜೆಎಸ್‌ಎಸ್ ವಿಶ್ವವಿದ್ಯಾಲಯವೇ ಆದದ್ದು ಎಲ್ಲವೂ ಅವರ ನಂತರ ಪೀಠಕ್ಕೆ ಬಂದ ಶ್ರೀ ಶಿವರಾತ್ರಿ ದೇಶಿಕೇಂದ್ರ ಮಹಾಸ್ವಾಮಿಗಳ ಕಾಲದಲ್ಲಿ.

ಸುತ್ತೂರಿನಲ್ಲಿ ಇಂದಿಗೂ ಹೊಸ ಡಾಕ್ಟರುಗಳ ತಂಡ ಸರದಿಯ ಮೇಲೆ ಬಂದು ಹೋಗುತ್ತದೆ. ಅವರಲ್ಲಿ ಕನ್ನಡ ಬಾರದವರೂ ಇರುತ್ತಾರೆ, ದೂರದ ರಾಜ್ಯಗಳಿಂದ ಬಂದವರು. ನೋವು ಎಲ್ಲಿ, ಎಷ್ಟು ದಿನದಿಂದ, ಊಟ ಆಯ್ತಾ ಎಂಬಷ್ಟು ಕನ್ನಡವನ್ನು ಅವರಿಗೆ ಕಲಿಸುವವರು ಅಲ್ಲಿಗೆ ಔಷಧಿಗೆ ಬರುವ ನಮ್ಮ ಅವ್ವಂದಿರು.