ಮಕ್ಕಳ ಪುಸ್ತಕದಿಂದ ಕೈಗಾದವರೆಗೆ: ಶಿವರಾಮ ಕಾರಂತರು

ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ನಾವು, ಅಣೆಕಟ್ಟೆಯ ಯೋಜನೆಯಿಂದ ಪಾರಾಗಿ 1984ರಲ್ಲಿ ರಾಷ್ಟ್ರೀಯ ಉದ್ಯಾನವಾದ ಸೈಲೆಂಟ್ ವ್ಯಾಲಿಯ ಕಥೆಯನ್ನು ಬಲ್ಲೆವು. ಆ ಕಾಡಿಗಾಗಿ ಹೋರಾಡಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಅದಕ್ಕೂ ಮೊದಲೇ 1970ರಲ್ಲಿ ‘ಯುರೀಕಾ’ ಎಂಬ ಮಕ್ಕಳ ವಿಜ್ಞಾನ ಪತ್ರಿಕೆಯನ್ನು ಆರಂಭಿಸಿತ್ತು. ಮಕ್ಕಳ ಓದಿನಿಂದ ನಿಸರ್ಗದ ರಕ್ಷಣೆಗೆ ಸಾಗುವ ಈ ದಾರಿಯನ್ನು ಕನ್ನಡದಲ್ಲಿ ಬಹಳ ಹಿಂದೆಯೇ ತುಳಿದವರು ಡಾ. ಶಿವರಾಮ ಕಾರಂತರು.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದು, ಜಗತ್ತಿನ ಅರಿವನ್ನು ಎಳೆಯರಿಗೆ ಅವರದೇ ಭಾಷೆಯಲ್ಲಿ ಒದಗಿಸಿದರು.

ಮಕ್ಕಳಿಗೆ ನಿಸರ್ಗವನ್ನು ಪರಿಚಯಿಸಿದ ಅವರು, ಅದಕ್ಕೆ ಅಪಾಯ ಒದಗಿದಾಗ ಸುಮ್ಮನಿರಲಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ, 87ರ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. 2000ದಲ್ಲಿ ಸ್ಥಾವರವು ವಾಣಿಜ್ಯ ವಿದ್ಯುತ್ ಉತ್ಪಾದನೆಯನ್ನೂ ಆರಂಭಿಸಿತು. ಆ ವೇಳೆಗೆ ಕಾರಂತರಿರಲಿಲ್ಲ; 1997ರ ಡಿಸೆಂಬರ್ 9ರಂದು ಅವರು ನಿಧನರಾಗಿದ್ದರು. ಸೋಲಿನಿಂದ ಅವರ ಲೇಖನಿ ಬತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿಯೂ ಅವರು ಹಕ್ಕಿಗಳ ಕುರಿತು ಬರೆದರು.

ಚುನಾವಣೆಯ ಸೋಲು ಅಲ್ಲಿಗೇ ಮುಗಿಯಿತು. ಆದರೆ ಅವರ ಪುಸ್ತಕಗಳಿಂದ ಕಾಡು, ಕಡಲುಗಳನ್ನು ಅರಿತ ತಲೆಮಾರುಗಳು ಉಳಿದವು. ಇಲ್ಲಿನ ಶಾಲೆಗಳಲ್ಲಿ ಮಲಯಾಳ, ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡವನ್ನು ಹಿತ್ತಲಿನ ಗಿಡ, ಹಕ್ಕಿಗಳ ಹೆಸರಿನಿಂದಲೇ ಆರಂಭಿಸೋಣ. ಕಾರಂತರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.