ವಿಕ್ಟರ್ ಫ್ರಾಂಕಲ್

ವಿಕ್ಟರ್ ಎಮಿಲ್ ಫ್ರಾಂಕಲ್ (೨೬ ಮಾರ್ಚ್ ೧೯೦೫ – ೨ ಸೆಪ್ಟೆಂಬರ್ ೧೯೯೭) ಆಸ್ಟ್ರಿಯ ದೇಶದ ಮನೋವೈದ್ಯರು, ನರರೋಗತಜ್ಞರು ಹಾಗೂ ಲೇಖಕರು. ಬದುಕಿನ ಅರ್ಥವನ್ನು ಅರಸುವ ಹಂಬಲವೇ ಮನುಷ್ಯನ ಮೂಲ ಪ್ರೇರಣೆ ಎಂಬ ನಿಲುವಿನ ಮೇಲೆ ರೂಪುಗೊಂಡ ಲೋಗೊಥೆರಪಿ (ಅರ್ಥಚಿಕಿತ್ಸೆ) ಎಂಬ ಮಾನಸಿಕ ಚಿಕಿತ್ಸಾ ಪದ್ಧತಿಯ ಪ್ರವರ್ತಕರು. ನಾಜಿ ಸೆರೆಶಿಬಿರಗಳಲ್ಲಿ ಬದುಕುಳಿದ ಅನುಭವವನ್ನು ಕುರಿತ ಅವರ ಕೃತಿಯು ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ಈ ಪದ್ಧತಿಯು ಸೆರೆಶಿಬಿರಗಳಲ್ಲಿಯೇ ಹುಟ್ಟಿತೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಅದರ ಬೇರುಗಳು ೧೯೨೦ರ ದಶಕದಲ್ಲಿ ಅವರು ವಿಯೆನ್ನಾದ ಯುವಜನರಿಗಾಗಿ ನಡೆಸಿದ ಉಚಿತ ಆಪ್ತಸಲಹಾ ಕೇಂದ್ರಗಳ ಕಾಲಕ್ಕೇ ಸೇರಿವೆ.

ಜನನ ಮತ್ತು ವಿದ್ಯಾಭ್ಯಾಸ

ಫ್ರಾಂಕಲ್ ಅವರು ವಿಯೆನ್ನಾ ನಗರದ ಲಿಯೊಪೋಲ್ಡ್‌ಸ್ಟಾಟ್ ಬಡಾವಣೆಯ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಗೇಬ್ರಿಯಲ್ ಸರ್ಕಾರಿ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದರು. ತಾಯಿ ಎಲ್ಸಾ ಪ್ರಾಗ್ ನಗರದವರು. ಅಣ್ಣ ವಾಲ್ಟರ್, ತಂಗಿ ಸ್ಟೆಲ್ಲಾ. ಶಾಲಾ ದಿನಗಳಲ್ಲಿಯೇ ಮನೋವಿಜ್ಞಾನದತ್ತ ಒಲಿದ ಫ್ರಾಂಕಲ್, ಸಿಗ್ಮಂಡ್ ಫ್ರಾಯ್ಡ್ ಅವರೊಡನೆ ಪತ್ರವ್ಯವಹಾರ ನಡೆಸಿದರು. ೧೯೨೪ರಲ್ಲಿ ಅವರ ಲೇಖನವೊಂದು ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಅನಂತರ ಆಲ್ಫ್ರೆಡ್ ಆಡ್ಲರ್ ಅವರ ಬಳಗವನ್ನು ಸೇರಿದರಾದರೂ, ತಾತ್ತ್ವಿಕ ಭಿನ್ನಾಭಿಪ್ರಾಯದಿಂದಾಗಿ ೧೯೨೭ರಲ್ಲಿ ಅಲ್ಲಿಂದ ಹೊರಹಾಕಲ್ಪಟ್ಟರು. ಲೋಗೊಥೆರಪಿ ಎಂಬ ಪದವನ್ನು ಅವರು ೧೯೨೬ರ ಉಪನ್ಯಾಸದಲ್ಲಿಯೇ ಬಳಸಿದ್ದರು. ೧೯೩೦ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದರು.

ಯುವಜನರ ಆಪ್ತಸಲಹಾ ಕೇಂದ್ರಗಳು

ಮೊದಲ ಮಹಾಯುದ್ಧದ ನಂತರದ ವಿಯೆನ್ನಾದಲ್ಲಿ ನಿರುದ್ಯೋಗ ಮತ್ತು ಬಡತನ ತೀವ್ರವಾಗಿದ್ದವು. ಶಾಲಾ ವಿದ್ಯಾರ್ಥಿಗಳ ಆತ್ಮಹತ್ಯೆಗಳು ನಗರವನ್ನು ಕಳವಳಕ್ಕೀಡುಮಾಡಿದ್ದವು. ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಫ್ರಾಂಕಲ್, ೧೯೨೮–೨೯ರಲ್ಲಿ ವಿಯೆನ್ನಾದಲ್ಲಿಯೂ ಇತರ ಆರು ನಗರಗಳಲ್ಲಿಯೂ ಯುವಜನರಿಗಾಗಿ ಸಲಹಾ ಕೇಂದ್ರಗಳನ್ನು ಸಂಘಟಿಸಿದರು. ಅಲ್ಲಿ ಶುಲ್ಕವಿರಲಿಲ್ಲ. ಷಾರ್ಲೊಟ್ ಬ್ಯೂಲರ್, ಆಗಸ್ಟ್ ಐಕ್‌ಹಾರ್ನ್ ಮೊದಲಾದ ಹೆಸರಾಂತ ತಜ್ಞರು ಈ ಕಾರ್ಯದಲ್ಲಿ ಕೈಜೋಡಿಸಿದರು.

೧೯೩೦ರಲ್ಲಿ ಫ್ರಾಂಕಲ್ ಅವರು ಶಾಲಾ ಅವಧಿಯ ಕೊನೆಯಲ್ಲಿ ಅಂಕಪಟ್ಟಿ ವಿತರಣೆಯಾಗುವ ದಿನಗಳಿಗಾಗಿಯೇ ವಿಶೇಷ ಸಲಹಾ ವ್ಯವಸ್ಥೆಯನ್ನು ಏರ್ಪಡಿಸಿದರು. ಅದರ ಬಳಿಕ, ಹಲವು ವರ್ಷಗಳಲ್ಲಿ ಮೊದಲ ಬಾರಿಗೆ, ವಿಯೆನ್ನಾದಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆ ವರದಿಯಾಗಲಿಲ್ಲ. ಕೆಲಸವಿಲ್ಲದ ಯುವಕರ ಖಿನ್ನತೆಯನ್ನೂ ಅವರು ಇದೇ ಕಾಲದಲ್ಲಿ ಗಮನಿಸಿದರು. ಕೆಲಸವಿಲ್ಲದವನು ನಿರುಪಯುಕ್ತನೆಂದೂ, ನಿರುಪಯುಕ್ತವಾದ ಬದುಕಿಗೆ ಅರ್ಥವಿಲ್ಲವೆಂದೂ ಅವರು ತಮ್ಮನ್ನು ಅಳೆದುಕೊಳ್ಳುತ್ತಿದ್ದರು. ಗ್ರಂಥಾಲಯ, ಯುವಕ ಸಂಘ ಮೊದಲಾದೆಡೆ ಸ್ವಯಂಸೇವೆಯಲ್ಲಿ ತೊಡಗಿದವರ ಖಿನ್ನತೆ, ಆರ್ಥಿಕ ಸ್ಥಿತಿ ಬದಲಾಗದಿದ್ದರೂ, ಕಡಿಮೆಯಾಗುತ್ತಿದ್ದುದನ್ನು ಅವರು ದಾಖಲಿಸಿದರು.

ವೈದ್ಯವೃತ್ತಿ ಮತ್ತು ನಾಜಿ ಆಡಳಿತ

೧೯೩೩ರಿಂದ ೧೯೩೭ರವರೆಗೆ ಫ್ರಾಂಕಲ್ ಅವರು ಸ್ಟೈನ್‌ಹೋಫ್ ಮಾನಸಿಕ ಆಸ್ಪತ್ರೆಯಲ್ಲಿ ಆತ್ಮಹತ್ಯೆಯ ಅಪಾಯದಲ್ಲಿದ್ದ ಮಹಿಳೆಯರ ವಿಭಾಗವನ್ನು ನೋಡಿಕೊಂಡರು. ಅಲ್ಲಿ ವರ್ಷಕ್ಕೆ ಸುಮಾರು ೩೦೦೦ ರೋಗಿಗಳು ಅವರ ಆರೈಕೆಗೆ ಬರುತ್ತಿದ್ದರು. ೧೯೩೮ರಲ್ಲಿ ಜರ್ಮನಿಯು ಆಸ್ಟ್ರಿಯವನ್ನು ವಶಪಡಿಸಿಕೊಂಡ ಮೇಲೆ ಯೆಹೂದಿಯೇತರರಿಗೆ ಚಿಕಿತ್ಸೆ ನೀಡುವ ಹಕ್ಕನ್ನು ಕಳೆದುಕೊಂಡರು. ೧೯೪೦ರಲ್ಲಿ ಯೆಹೂದಿಗಳಿಗೆ ಮೀಸಲಾಗಿದ್ದ ರೋತ್‌ಶೀಲ್ಡ್ ಆಸ್ಪತ್ರೆಯ ನರರೋಗ ವಿಭಾಗದ ಮುಖ್ಯಸ್ಥರಾದರು. ಮನೋರೋಗಿಗಳನ್ನು ಕೊಲ್ಲುವ ನಾಜಿ ಯೋಜನೆಯಿಂದ ಕೆಲವರನ್ನು ಪಾರುಮಾಡಲು ಬೇರೆ ರೋಗದ ಹೆಸರನ್ನು ಬರೆದುಕೊಟ್ಟರು.

೧೯೪೧ರಲ್ಲಿ ಅವರಿಗೆ ಅಮೆರಿಕದ ವೀಸಾ ದೊರೆಯಿತು. ಆದರೆ ವೃದ್ಧ ತಂದೆತಾಯಿಗಳನ್ನು ಬಿಟ್ಟುಹೋಗಬೇಕಾಗಿತ್ತು. ಆ ದಿನಗಳಲ್ಲಿ ತಂದೆಯು, ನಾಜಿಗಳು ಕೆಡವಿದ ಪ್ರಾರ್ಥನಾ ಮಂದಿರದ ಅಮೃತಶಿಲೆಯ ಚೂರೊಂದನ್ನು ಮನೆಗೆ ತಂದಿದ್ದರು. ಅದರ ಮೇಲಿದ್ದ ಅಕ್ಷರವು ತಂದೆತಾಯಿಗಳನ್ನು ಗೌರವಿಸಬೇಕೆಂಬ ಧರ್ಮಾಜ್ಞೆಯದಾಗಿತ್ತು. ಫ್ರಾಂಕಲ್ ವಿಯೆನ್ನಾದಲ್ಲಿಯೇ ಉಳಿದರು. ವೀಸಾ ಅವಧಿ ಮುಗಿಯಿತು.

೧೯೪೧ರ ಡಿಸೆಂಬರಿನಲ್ಲಿ ಅದೇ ಆಸ್ಪತ್ರೆಯ ದಾದಿ ಟಿಲ್ಲಿ ಗ್ರೋಸರ್ ಅವರನ್ನು ವಿವಾಹವಾದರು. ಯೆಹೂದಿಗಳು ಮಕ್ಕಳನ್ನು ಹೆರುವುದಕ್ಕೆ ನಿಷೇಧವಿದ್ದುದರಿಂದ ಟಿಲ್ಲಿ ಗರ್ಭಪಾತ ಮಾಡಿಸಿಕೊಳ್ಳಬೇಕಾಯಿತು. ಹುಟ್ಟದ ಆ ಮಗುವಿಗೆ ಫ್ರಾಂಕಲ್ ೧೯೭೮ರಲ್ಲಿ ತಮ್ಮ ಪುಸ್ತಕವೊಂದನ್ನು ಅರ್ಪಿಸಿದರು.

ಸೆರೆಶಿಬಿರಗಳಲ್ಲಿ

೧೯೪೨ರ ಸೆಪ್ಟೆಂಬರಿನಲ್ಲಿ ಫ್ರಾಂಕಲ್, ಅವರ ಪತ್ನಿ ಮತ್ತು ತಂದೆತಾಯಿಗಳನ್ನು ಟೆರೇಜಿನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಲಾಯಿತು. ಮನೆಮಠ ಕಳೆದುಕೊಂಡು ಬಂದಿಳಿಯುವವರ ಆಘಾತವನ್ನೂ ಶೋಕವನ್ನೂ ತಗ್ಗಿಸಲು ಅವರು ಅಲ್ಲಿ ಮಾನಸಿಕ ನೆರವಿನ ತಂಡವೊಂದನ್ನು ಕಟ್ಟಿದರು. ಜಗತ್ತಿನ ಮೊದಲ ಮಹಿಳಾ ರಬ್ಬಿ (ಯೆಹೂದಿ ಧರ್ಮಗುರು) ಎನಿಸಿದ ರೆಜಿನಾ ಯೋನಾಸ್ ಅವರು ಈ ತಂಡದಲ್ಲಿದ್ದು, ರೈಲಿನಿಂದ ಇಳಿದವರನ್ನು ಎದುರುಗೊಂಡು ಮಾತನಾಡಿಸುತ್ತಿದ್ದರು. ಆತ್ಮಹತ್ಯೆಯ ಸುಳಿವು ಕಂಡವರ ಮೇಲೆ ನಿಗಾ ಇಡುವುದು ತಂಡದ ಮುಖ್ಯ ಕೆಲಸವಾಗಿತ್ತು. ಯೋನಾಸ್ ಅವರು ೧೯೪೪ರಲ್ಲಿ ಔಷ್‌ವಿಟ್ಜ್‌ನಲ್ಲಿ ಕೊಲ್ಲಲ್ಪಟ್ಟರು.

ಫ್ರಾಂಕಲ್ ಅವರ ತಂದೆ ೧೯೪೩ರ ಫೆಬ್ರವರಿಯಲ್ಲಿ ಟೆರೇಜಿನ್‌ಸ್ಟಾಟ್‌ನಲ್ಲಿಯೇ ನಿಧನರಾದರು. ೧೯೪೪ರ ಅಕ್ಟೋಬರಿನಲ್ಲಿ ಫ್ರಾಂಕಲ್ ಅವರನ್ನು ಔಷ್‌ವಿಟ್ಜ್‌ಗೆ ಕಳುಹಿಸಿದಾಗ, ವಿನಾಯಿತಿ ಇದ್ದರೂ ಟಿಲ್ಲಿ ಸ್ವಇಚ್ಛೆಯಿಂದ ಜೊತೆಗೆ ಹೊರಟರು. ಕೆಲವೇ ದಿನಗಳಲ್ಲಿ ತಾಯಿಯನ್ನೂ ಅಲ್ಲಿಗೆ ಸಾಗಿಸಿ ಕೊಲ್ಲಲಾಯಿತು. ಕೋಟಿನೊಳಗೆ ಅಡಗಿಸಿಟ್ಟಿದ್ದ ಲೋಗೊಥೆರಪಿಯ ಹಸ್ತಪ್ರತಿ ಔಷ್‌ವಿಟ್ಜ್‌ನಲ್ಲಿ ಕಳೆದುಹೋಯಿತು. ಅಲ್ಲಿಂದ ಅವರನ್ನು ಡಾಖಾವ್ ಶಿಬಿರಕ್ಕೆ ಸೇರಿದ ಕೌಫರಿಂಗ್, ಬಳಿಕ ಟ್ಯುರ್ಕ್‌ಹೈಮ್ ಉಪಶಿಬಿರಗಳಿಗೆ ಕಳುಹಿಸಲಾಯಿತು. ಟೈಫಸ್ ಜ್ವರದ ರಾತ್ರಿಗಳಲ್ಲಿ ಪ್ರಜ್ಞೆ ತಪ್ಪದಿರಲೆಂದು ಕಾಗದದ ಚೂರುಗಳ ಮೇಲೆ ಶೀಘ್ರಲಿಪಿಯಲ್ಲಿ ಆ ಹಸ್ತಪ್ರತಿಯನ್ನು ಮತ್ತೆ ಬರೆಯತೊಡಗಿದರು. ೧೯೪೫ರ ಏಪ್ರಿಲ್ ೨೭ರಂದು ಅಮೆರಿಕದ ಸೈನ್ಯ ಶಿಬಿರವನ್ನು ಬಿಡುಗಡೆಗೊಳಿಸಿತು.

ಯುದ್ಧಾನಂತರದ ಬದುಕು

ವಿಯೆನ್ನಾಕ್ಕೆ ಮರಳಿದ ಫ್ರಾಂಕಲ್ ಅವರಿಗೆ ತಾಯಿ ಮತ್ತು ಅಣ್ಣ ಮಡಿದ ಸುದ್ದಿಯೂ, ಟಿಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡ ಸುದ್ದಿಯೂ ತಿಳಿಯಿತು. ಸಮೀಪಬಂಧುಗಳಲ್ಲಿ ಉಳಿದವರು ಆಸ್ಟ್ರೇಲಿಯಕ್ಕೆ ವಲಸೆ ಹೋಗಿದ್ದ ತಂಗಿಯೊಬ್ಬರೇ. ಈ ಶೋಕದ ನಡುವೆ ಕಳೆದುಹೋದ ಗ್ರಂಥವನ್ನು ಮತ್ತೆ ಬರೆದು ಮುಗಿಸಿದರು. ಶಿಬಿರದ ಅನುಭವಗಳ ಪುಸ್ತಕವನ್ನು ಒಂಬತ್ತು ದಿನಗಳಲ್ಲಿ ಹೇಳಿ ಬರೆಸಿದರು. ಹೆಸರಿಲ್ಲದೆ ಪ್ರಕಟಿಸಬೇಕೆಂದಿದ್ದ ಅದು ೧೯೪೬ರಲ್ಲಿ ಹೊರಬಂದಿತು. ೧೯೫೯ರ ಇಂಗ್ಲಿಷ್ ಅನುವಾದವು ಮುಂದೆ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು.

೧೯೪೬ರಿಂದ ಸುಮಾರು ೨೫ ವರ್ಷ ಅವರು ವಿಯೆನ್ನಾ ಪಾಲಿಕ್ಲಿನಿಕ್ ಆಸ್ಪತ್ರೆಯ ನರರೋಗ ವಿಭಾಗದ ಮುಖ್ಯಸ್ಥರಾಗಿದ್ದರು. ೧೯೪೭ರಲ್ಲಿ ಎಲಿಯೊನೋರ್ ಶ್ವಿಂಟ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಒಬ್ಬ ಮಗಳು.

ಆತಂಕ ಮತ್ತು ಶೋಕಕ್ಕೆ ಚಿಕಿತ್ಸೆ

ಆತಂಕಕ್ಕೆ ಒಳಗಾದವರು ಆತಂಕವನ್ನೇ ಕುರಿತು ಆತಂಕಪಡುವುದರಿಂದ ಅದು ಬಲಗೊಳ್ಳುತ್ತದೆ ಎಂಬುದು ಫ್ರಾಂಕಲ್ ಅವರ ಗ್ರಹಿಕೆ. ಇದನ್ನು ಮುರಿಯಲು ಅವರು ವಿರೋಧಾಭಾಸದ ಸಂಕಲ್ಪ ಎಂಬ ವಿಧಾನವನ್ನು ಬಳಸಿದರು. ರೋಗಿಯು ತಾನು ಹೆದರುವುದನ್ನೇ, ತುಸು ವಿನೋದದಿಂದ, ಬಯಸಲು ಕಲಿಯಬೇಕು. ಜನರೆದುರು ಬೆವರುವ ಭಯದಿಂದ ನಾಲ್ಕು ವರ್ಷ ನರಳಿದ ಯುವ ವೈದ್ಯನೊಬ್ಬನಿಗೆ, ತಾನೆಷ್ಟು ಬೆವರಬಲ್ಲೆನೆಂಬುದನ್ನು ಬೇಕೆಂದೇ ತೋರಿಸಲು ಸೂಚಿಸಿದರು. ಒಂದು ವಾರದಲ್ಲಿ ಆತನ ಭಯ ಬಿಟ್ಟುಹೋಯಿತು.

ಶೋಕವನ್ನು ಅವರು ಅಳಿಸಬೇಕಾದ ರೋಗವೆಂದು ಭಾವಿಸಲಿಲ್ಲ. ಪತ್ನಿ ತೀರಿಕೊಂಡು ಎರಡು ವರ್ಷವಾದರೂ ಚೇತರಿಸಿಕೊಳ್ಳದ ವೃದ್ಧ ವೈದ್ಯರೊಬ್ಬರು ಬಂದಾಗ, ಅವರೇ ಮೊದಲು ಮಡಿದಿದ್ದರೆ ಪತ್ನಿಯ ಗತಿಯೇನಾಗುತ್ತಿತ್ತೆಂದು ಕೇಳಿದರು. ಆಕೆಗೆ ಆ ನೋವು ತಪ್ಪಿತೆಂಬುದು ವೃದ್ಧರಿಗೆ ಹೊಳೆಯಿತು. ಅವರು ಫ್ರಾಂಕಲ್ ಅವರ ಕೈಕುಲುಕಿ ಮೌನವಾಗಿ ಹೊರಟರು. ಅಗಲಿಕೆ ಬದಲಾಗಲಿಲ್ಲ, ಅದನ್ನು ಹೊರುವ ಬಗೆ ಬದಲಾಯಿತು. ಆದರೆ ತಪ್ಪಿಸಬಹುದಾದ ನೋವನ್ನು ಸಹಿಸುವುದರಲ್ಲಿ ಯಾವ ಹಿರಿಮೆಯೂ ಇಲ್ಲವೆಂದು ಅವರು ಸ್ಪಷ್ಟಪಡಿಸಿದ್ದರು.

ಟೀಕೆಗಳು

ಲೋಗೊಥೆರಪಿಯಲ್ಲಿ ವೈದ್ಯನೇ ಅರ್ಥವನ್ನು ಹೇಳಿಕೊಟ್ಟುಬಿಡುವ ಅಪಾಯವಿದೆಯೆಂದು ಮನಃಶಾಸ್ತ್ರಜ್ಞ ರೋಲೊ ಮೇ ಆಕ್ಷೇಪಿಸಿದರು. ಫ್ರಾಂಕಲ್ ಇದನ್ನು ಒಪ್ಪಲಿಲ್ಲ. ಇತಿಹಾಸಕಾರ ತಿಮೊಥಿ ಪೈಟೆಲ್, ಅವರು ಔಷ್‌ವಿಟ್ಜ್‌ನಲ್ಲಿ ಇದ್ದುದು ಕೆಲವೇ ದಿನಗಳೆಂಬುದು ಪುಸ್ತಕದಲ್ಲಿ ಸ್ಪಷ್ಟವಾಗುವುದಿಲ್ಲವೆಂದು ಟೀಕಿಸಿದ್ದಾರೆ. ರೋತ್‌ಶೀಲ್ಡ್ ಆಸ್ಪತ್ರೆಯಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಅವರು ನಡೆಸಿದ ಮಿದುಳಿನ ಶಸ್ತ್ರಕ್ರಿಯೆಗಳನ್ನೂ ಪೈಟೆಲ್ ಪ್ರಶ್ನಿಸಿದ್ದಾರೆ. ಇಡೀ ಜನಾಂಗವನ್ನು ಅಪರಾಧಿಯೆನ್ನಲಾಗದೆಂಬ ಫ್ರಾಂಕಲ್ ಅವರ ನಿಲುವೂ ವಿವಾದಕ್ಕೆ ಗುರಿಯಾಯಿತು.

ಕೊನೆಯ ದಿನಗಳು

ಪರ್ವತಾರೋಹಣ ಅವರ ಜೀವನದುದ್ದದ ಹವ್ಯಾಸವಾಗಿತ್ತು. ೬೭ನೆಯ ವಯಸ್ಸಿನಲ್ಲಿ ವಿಮಾನ ಹಾರಿಸಲೂ ಕಲಿತರು. ೨೯ ಗೌರವ ಡಾಕ್ಟರೇಟ್‌ಗಳು ಅವರಿಗೆ ಸಂದವು. ೧೯೯೭ರ ಸೆಪ್ಟೆಂಬರ್ ೨ರಂದು ವಿಯೆನ್ನಾದಲ್ಲಿ ಹೃದಯ ವೈಫಲ್ಯದಿಂದ ನಿಧನರಾದರು. ನಗರದ ಕೇಂದ್ರ ರುದ್ರಭೂಮಿಯ ಯೆಹೂದಿ ವಿಭಾಗದಲ್ಲಿ ಅವರ ಸಮಾಧಿಯಿದೆ.