ಹರ್ಡೀಕರರ ಅಮೆರಿಕಾ ವಾಸ

ರಾಮನಗುಳಿಯ ಮಾರ್ಗವಾಗಿ ಘಟ್ಟವೇರಿ ಹುಬ್ಬಳ್ಳಿಗೆ ಓದಹೋಗುವ ನಮ್ಮ ಅಂಕೋಲೆಯ ತರುಣರು ಡಾ. ನಾ. ಸು. ಹರ್ಡೀಕರರನ್ನು ಸೇವಾದಳದ ಸಂಸ್ಥಾಪಕರೆಂದಷ್ಟೇ ಬಲ್ಲರು. ಆ ದಳದ ಬೀಜ ಮೊಳೆತುದು ಅಮೆರಿಕೆಯ ವಿದ್ಯಾರ್ಥಿ ಸಂಘದಲ್ಲೆಂದು ನನ್ನ ಎಣಿಕೆ.

1889ರಲ್ಲಿ ಧಾರವಾಡದಲ್ಲಿ ಜನಿಸಿ, ಕಲಕತ್ತೆಯಲ್ಲಿ ವೈದ್ಯ ಕಲಿತ ಅವರು 1913ರಲ್ಲಿ ಕಡಲು ದಾಟಿದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದ ವ್ಯಾಸಂಗ. ಅದರೊಡನೆ ಭಾರತೀಯ ವಿದ್ಯಾರ್ಥಿಗಳ ಹಿಂದೂಸ್ಥಾನ್ ಅಸೋಸಿಯೇಷನ್ನಿನ ದುಡಿಮೆ. ಪರದೇಶದ ಸಂಘವೆಂದರೆ ಹಬ್ಬದೂಟಕ್ಕೂ ಊರಿನ ಹರಟೆಗೂ ಕೂಡುವ ಕೂಟವೆಂದು ನಾವು ತಿಳಿಯುತ್ತೇವೆ. ಮನೆ ಬಿಟ್ಟ ಹುಡುಗನಿಗೆ ಅದೂ ಅಲ್ಪವಲ್ಲ. ಆದರೆ ಬಂಗಾಳಿ, ಪಂಜಾಬಿ, ಮರಾಠಿ ತರುಣರನ್ನು ಒಂದೇ ದೇಶದವರೆಂದು ಒಂದೆಡೆ ಕೂರಿಸುವ ವಿದ್ಯೆಯನ್ನು ಯಾವ ತರಗತಿ ಕಲಿಸೀತು? 1917ರಲ್ಲಿ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ಹೋಂರೂಲ್ ಲೀಗನ್ನು ಸ್ಥಾಪಿಸಿದಾಗ, ಆ ವಿದ್ಯೆಯಲ್ಲಿ ಪಳಗಿದ ಹರ್ಡೀಕರರು ಅವರಿಗೆ ಬಲಗೈಯಾದರು.

ಇಷ್ಟರಲ್ಲಿ ಓದು ಕೆಟ್ಟಿತೆಂದು ಯಾರೂ ಭಾವಿಸಬೇಕಿಲ್ಲ. ಸ್ನಾತಕೋತ್ತರ ಪದವಿಯನ್ನು ಪಡೆದೇ 1921ರಲ್ಲಿ ಮರಳಿದರು.

1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದವರು ಅನೇಕರು ಕ್ಷಮೆ ಬೇಡಿ ಹೊರಬಂದರು. ಹರ್ಡೀಕರರೂ ಅವರ ಹುಬ್ಬಳ್ಳಿಯ ಸಂಗಡಿಗರೂ ಬಾಗಲಿಲ್ಲ. ಉತ್ಸಾಹವೊಂದೇ ಸಾಲದು, ಶಿಸ್ತು ಬೇಕೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಅದೇ ವರ್ಷ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಸೇವಾದಳ ಹುಟ್ಟಿತು. ಅಹಿಂಸಾವಾದಿಗಳಿಗೆ ಕವಾಯತು ಏತಕ್ಕೆಂದು ಕೆಲವರು ಹುಬ್ಬುಗಂಟಿಕ್ಕಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿಯ ಅಧಿವೇಶನದಲ್ಲಿ ಸ್ವಯಂಸೇವಕರ ಹೊಣೆ ಹೊತ್ತವರು ಇದೇ ಹರ್ಡೀಕರರು. ಮಿಶಿಗನ್ನಿನಲ್ಲಿ ಕಲಿತ ಆರೋಗ್ಯಶಾಸ್ತ್ರಕ್ಕೂ ಮುಂದೆ ಘಟಪ್ರಭೆಯ ಆರೋಗ್ಯಧಾಮದಲ್ಲಿ ನೆಲೆ ದೊರೆಯಿತು. 1975ರಲ್ಲಿ ಅವರು ತೀರಿಕೊಂಡರು.